ಡೀಸೆಲ್ ಇರುವ ಕಡೆಗೆ

ಊರಿಗೆ ಕರೆಂಟ್ ರೈಲು ಬರುತ್ತದೆಂದರೆ ಮಿಕ್ಕವರ ಮನೆಯಲ್ಲಿ ಸಂಭ್ರಮ. ಡ್ರೈವರನ ಮನೆಯಲ್ಲಿ ಮಾತ್ರ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತಿತ್ತು. ಅವನು ಡೀಸೆಲ್ ಲೋಕಲ್ ಓಡಿಸುವವನು. ಹಳಿಯ ಮೇಲೆ ಎಲ್ಲೆಲ್ಲಿ ತಂತಿ ಎಳೆದರೋ ಅಲ್ಲಲ್ಲಿಂದ ಆ ಹಳೆಯ ರೈಲುಗಳು ಜಾಗ ಖಾಲಿ ಮಾಡುತ್ತಿದ್ದವು. ಅವುಗಳ ಹಿಂದೆ ಇವನು, ಇವನ ಹಿಂದೆ ಹೆಂಡತಿ, ಇಬ್ಬರು ಮಕ್ಕಳು, ಒಂದು ಹೊಲಿಗೆ ಯಂತ್ರ.

ಮೊದಲು ರಾಜಧಾನಿಯ ಸುತ್ತಿನ ಲೈನು. ಅಲ್ಲಿ ಉದ್ದನೆಯ ರೈಲು, ಜನ ಬಾಗಿಲಿಗೆ ಜೇನುಗೂಡಿನಂತೆ ಜೋತುಬೀಳುತ್ತಿದ್ದರು. ಆಮೇಲೆ ಸಮುದ್ರದ ಕಡೆ. ಉಪ್ಪುಗಾಳಿ ಬಾಗಿಲುಗಳನ್ನು ತಿಂದಿತ್ತು, ಒದೆಯದೆ ಒಂದೂ ತೆರೆಯುತ್ತಿರಲಿಲ್ಲ. ಬಳಿಕ ಬೆಟ್ಟದ ಕಡೆ. ಅಲ್ಲಿ ಎರಡೇ ಡಬ್ಬಿ. ಮೇಷ್ಟ್ರು ಏದುಸಿರು ಬಿಡುತ್ತ ಬರುವುದು ಕಂಡರೆ ರೈಲೇ ಕಾಯುತ್ತಿತ್ತು. ಈಗ ಗಡಿಯಂಚಿನ ಈ ಬಯಲು. ಮೂರೂ ಕಡೆ ಬೇಡವಾದ ಡಬ್ಬಿಗಳೆಲ್ಲ ಇಲ್ಲಿ ಬಂದು ಸೇರಿದ್ದವು. ಸೀಟುಗಳ ಬೆನ್ನಿಗೆ ಯಾವುದೋ ಊರಿನ ಪ್ರೇಮಿಗಳು ಕೆತ್ತಿದ ಹೆಸರುಗಳಿದ್ದವು. ಆ ಪ್ರೇಮಿಗಳಿಗೆ ಈಗ ಮೊಮ್ಮಕ್ಕಳಿರಬೇಕು. "ಅಕ್ಕ ಉಟ್ಟು ಹರಿದದ್ದು ತಂಗಿಗೆ," ಎಂದು ಇಲ್ಲಿಯ ಜನ ಗೊಣಗುತ್ತಲೇ ಹತ್ತುತ್ತಿದ್ದರು.

ಇಲ್ಲಿಗೂ ಕಂಬಗಳು ಬಂದವು. ಅವನು ಟ್ರಂಕು ಇಳಿಸಿದ. ಹೆಂಡತಿ ಅದರ ಮೇಲೆ ಕುಳಿತುಬಿಟ್ಟಳು.

"ಈ ಸಲ ನಾನು ಏಳಲ್ಲ. ಇಲ್ಲಿ ಈಗಷ್ಟೇ ಹೊಲಿಗೆಗೆ ನಾಲ್ಕು ಜನ ಗಿರಾಕಿಗಳು ಸಿಕ್ಕಿದ್ದಾರೆ. ನೀವು ಕರೆಂಟ್ ರೈಲು ಕಲೀರಿ. ನಿಮಗಿಂತ ದಡ್ಡರು ಕಲಿತಿದ್ದಾರೆ."

"ಅದೂ ಒಂದು ರೈಲಾ? ಮಿಕ್ಸಿ ತಿರುಗಿಸಿದ ಹಾಗೆ," ಎಂದು ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಗಂಡನಿಗೆ ಬುದ್ಧಿ ಹೇಳಿಸಲು ಅವಳು ತನ್ನ ತಮ್ಮನನ್ನು ಕರೆಸಿದಳು. ಅವನು ಭಾವನ ರೈಲಿನಲ್ಲೇ ಗಾರ್ಡು. ಕರೆಂಟ್ ರೈಲಿನ ತರಬೇತಿಗೆ ಆಯ್ಕೆಯಾಗಿದ್ದ, ಸೋಮವಾರ ಹೊರಡುವವನಿದ್ದ. ಅವಳು ಹೊಲಿಯುತ್ತಿದ್ದ ಶಾಲೆಯ ಅಂಗಿಗಳ ರಾಶಿಯನ್ನು ಸರಿಸಿ ಕುಳಿತ. ಚಹಾದ ಲೋಟ ಕೈಗೆ ತೆಗೆದುಕೊಂಡ.

"ಅಕ್ಕಾ, ತರಬೇತಿಗೆ ತಗೊಳ್ಳೋ ಮುಂಚೆ ಕಿವಿ ಪರೀಕ್ಷೆ ಮಾಡ್ತಾರೆ."

"ಮಾಡ್ಲಿ. ನಿಮ್ಮ ಭಾವನಿಗೆ ಎರಡು ಕಿವಿ ಇವೆಯಲ್ಲ."

"ಇವೆ. ಕನ್ನಡಕ ನಿಲ್ಲಿಸೋಕೆ."

ಅವಳು ನಕ್ಕಳು. ತಮ್ಮ ನಗದೇ ಇದ್ದದ್ದನ್ನು ಕಂಡು ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು.

"ತಮಾಷೆ ಅಲ್ಲ ಅಕ್ಕಾ. ಭಾವನಿಗೆ ಬೆಲ್ ಕೇಳ್ಸಲ್ಲ. ನಾನು ಎರಡು ಸಲ ಬಾರಿಸಿದ್ರೆ ಹೊರಡು, ಒಂದು ಸಲ ಬಾರಿಸಿದ್ರೆ ನಿಲ್ಲು. ರಾಜಧಾನಿ ಕಡೆ ರೈಲಲ್ಲಿ ಬೆಲ್ ಜೊತೆ ದೀಪಾನೂ ಹತ್ತುತ್ತಿತ್ತು. ಬೆಟ್ಟದ ಕಡೆ ಗಾರ್ಡು ಕೆಳಗಿಳಿದು ಬಾವುಟ ತೋರಿಸ್ತಿದ್ದ. ಇಲ್ಲಿ ಬರೀ ಬೆಲ್ಲು. ಚಿಕ್ಕ ಗಾಡಿ, ಗಾರ್ಡು ನಿಲ್ಲೋದೂ ಡ್ರೈವರನ ಕೋಣೆ ಹಿಂದೇನೆ. ನಾನು ಅವನ ಬೆನ್ನ ಹಿಂದಿನ ತಗಡಿನ ಗೋಡೆಗೆ ಒದೀತೀನಿ. ಅದು ಅವನ ಸೀಟಿಗೆ ತಾಗುತ್ತೆ. ಹಾಗೇ ನಡೀತಿದೆ."

"ಮೊನ್ನೆ ರೈಲು ಹೊರಟಾಗ ಒಬ್ಬ ಅಜ್ಜಿ ಬಾಗಿಲಲ್ಲಿ ಸಿಕ್ಕಿಕೊಂಡಿದ್ಲಲ್ಲ, ಆಗ?"

"ಒದ್ದೆ. ಹಳಿಯ ಸಂದಿಯಲ್ಲಿ ಕುಲುಕಿದ್ದು ಅಂದ್ಕೊಂಡ. ಕೊನೆಗೆ ಬ್ರೇಕ್ ನಾನೇ ಎಳೆದೆ." ತಮ್ಮ ಲೋಟದ ತಳ ನೋಡಿದ. "ಸಮಯಪ್ರಜ್ಞೆ ಅಂತ ಶಾಲು ಹೊದಿಸಿದ್ರು. ಅದರಿಂದಲೇ ಈ ತರಬೇತಿ."

"ಮತ್ತೆ ಹೇಳಲಿಲ್ಲ ಯಾಕೋ?"

"ಹೇಳಿದ್ರೆ ನಿನ್ನ ಮನೆಯಲ್ಲಿ ಒಲೆ ಉರಿಯುತ್ತಾ?"

ಕರೆದರೆ ತಿರುಗಿ ನೋಡದ ಗಂಡ ಕಿವುಡನಿರಬಹುದೆಂದು ಲೋಕದ ಯಾವ ಹೆಂಡತಿಗೆ ಹೊಳೆದೀತು? ಎಲ್ಲ ಗಂಡಂದಿರೂ ಹೀಗೇ ಎಂದು ಅವಳೂ ಕೈಬಿಟ್ಟಿದ್ದಳು. ಅವಳ ಅಕ್ಕಪಕ್ಕದವರ ಅನುಭವವೂ ಬೇರೆಯಾಗಿರಲಿಲ್ಲ.

ಮಧ್ಯಾಹ್ನ ಅವನು ಹಿತ್ತಿಲ ಮೆಟ್ಟಿಲಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಅವಳು ಹಿಂದೆ ನಿಂತು, "ರೀ, ಮನೆಗೆ ಬೆಂಕಿ ಬಿದ್ದಿದೆ," ಎಂದಳು. ಅವನು ಬ್ರಷ್ಷನ್ನು ಎಡಬೂಟಿನಿಂದ ಬಲಬೂಟಿಗೆ ಬದಲಿಸಿದ. ಅವಳು ಇನ್ನೂ ಜೋರಾಗಿ ಹೇಳಿದಳು. ಪಕ್ಕದ ಮನೆಯ ಕಿಟಕಿ ತೆರೆಯಿತು. ಅವನ ಕೈ ನಿಲ್ಲಲಿಲ್ಲ.

ಅವಳು ಸುತ್ತಿ ಬಂದು ಎದುರಿಗೆ ಕುಳಿತಳು. ಅವಳ ಮುಖ ನೋಡಿ ಅವನು ಬ್ರಷ್ ಕೆಳಗಿಟ್ಟ, ಕಣ್ಣು ಅವಳ ತುಟಿಗಳ ಮೇಲೆ ನೆಟ್ಟ.

"ನಿನ್ನ ತಮ್ಮ ಬಾಯಿ ಬಿಟ್ಟನಾ?"

"ಬಿಡದೆ? ಸೋಮವಾರದಿಂದ ಯಾರು ಒದೀತಾರೆ?"

"ಎಂಜಿನ್ ನನ್ನ ಅಂಗಾಲಿಗೆ ಹೇಳುತ್ತೆ, ಕಣೆ. ಗೇರು ಬಿದ್ದದ್ದು, ಚಕ್ರ ಜಾರಿದ್ದು, ಎಲ್ಲ. ಕರೆಂಟ್ ರೈಲು ಏನೂ ಹೇಳಲ್ಲ, ಹೆಣದ ಹಾಗೆ ಹೋಗುತ್ತೆ."

"ಬಾಗಿಲಲ್ಲಿ ಸಿಕ್ಕಿಕೊಂಡ ಅಜ್ಜೀನೂ ಅಂಗಾಲಿಗೆ ಹೇಳಿದ್ಲಾ?"

ಅವನು ಪಾಲಿಶ್ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ದನಿ ತಗ್ಗಿಸಿ, ಅಂದರೆ ತಗ್ಗಿಸಿದೆನೆಂದುಕೊಂಡು, ಹೇಳಿದ: "ನದಿಯಾಚೆ ಇನ್ನೊಂದು ಲೈನಿದೆ. ಅಲ್ಲಿಗೆ ತಂತಿ ಬರೋಕೆ ಇನ್ನೂ ಬೇಕಾದಷ್ಟು ವರ್ಷ ಇದೆ. ಅಲ್ಲಿ ಗಾರ್ಡೂ ಇಲ್ಲ, ಬೆಲ್ಲೂ ಇಲ್ಲ, ನಾನೊಬ್ಬನೇ. ಕೇಳಿಕೊಂಡಿದ್ದೀನಿ. ನೀನು ಸುಮ್ಮನಿದ್ದರೆ ಆಗಿಹೋಗುತ್ತೆ."

ಪಕ್ಕದ ಕಿಟಕಿ ಮೆಲ್ಲಗೆ ಮುಚ್ಚಿತು. ಅವಳು ಆ ರಾತ್ರಿಯೂ ಮರುದಿನವೂ ಸುಮ್ಮನಿದ್ದಳು. ಟ್ರಂಕಿಗೆ ಎರಡು ಹೊದಿಕೆಗಳನ್ನೂ ಹಾಕಿದಳು. ಎರಡು ತುತ್ತಿನ ಪ್ರಶ್ನೆ ಬಂದಾಗ ನೀತಿ ಹೊಸಿಲ ಹೊರಗೆ ಚಪ್ಪಲಿಯಂತೆ ಕಾಯುತ್ತದೆ.

ಸೋಮವಾರ ಅವನು ಹೊರಟ ಮೇಲೆ ಅವಳಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಬಂದಳು. ರೈಲು ಗಡಗಡ ನಡುಗುತ್ತ ನಿಂತಿತ್ತು. ಹೊಸ ಗಾರ್ಡು ಮಡಿಕೆ ಬಿಚ್ಚದ ಸಮವಸ್ತ್ರದ ಹೆಂಗಸು. ಒಳಗೆ ಒಂದೊಂದು ಬಾಗಿಲನ್ನೂ ಎಳೆದು ನೋಡುತ್ತಿದ್ದಳು.

"ಬೆಲ್ ಸರಿಯಿದೆಯೇನಮ್ಮಾ?" ಎಂದು ಇವಳು ಕೇಳಿದಳು.

"ಕೆಟ್ಟಿದೆಯಂತೆ, ಡ್ರೈವರ್ ಸಾಹೇಬ್ರು ಹೇಳಿದ್ರು. ಗೋಡೆಗೆ ಗುದ್ದಬೇಕಂತೆ. ಹಳೇ ಗಾಡಿ, ಏನ್ಮಾಡೋದು!" ಎಂದು ನಕ್ಕು, ತೋರಿಸಲೆಂದು ಗುದ್ದಿದಳು. ಮೆತ್ತನೆಯ ಕೈ. ಕೌದಿ ತಟ್ಟಿದಂಥ ಸದ್ದು.

ಮುಂದೆ, ಡ್ರೈವರನ ಕಿಟಕಿಯ ಕನ್ನಡಿಯಲ್ಲಿ, ಗಂಡನ ಕಣ್ಣು ಇವಳನ್ನು ಕಂಡಿತು. ಇವಳು ಇನ್ನೂ ಬಾಯಿ ತೆರೆದಿರಲಿಲ್ಲ. ಎಂಜಿನ್ನಿನ ನಡುಕ ನಿಂತಿತು. ಒಳಗಿದ್ದವರು, "ಶುರುವಾಯ್ತು ನೋಡು ಇದರ ರೋಗ," ಎಂದರು.

ಅವನು ಇಳಿದು ಬಂದ. "ಹೇಳಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಬಿಡು, ನಾನೇ ಹೇಳ್ತೀನಿ. ಗಂಡನ ಅನ್ನ ಕಿತ್ತವಳು ಅಂತ ಈ ಊರು ನಿನ್ನನ್ನ ಬಾಯಿಗೆ ಹಾಕ್ಕೊಳ್ಳೋದು ಬೇಡ."

ಇಬ್ಬರೂ ಸ್ಟೇಷನ್ ಮಾಸ್ತರರ ಕೋಣೆಗೆ ಹೋದರು. ಅವನು ನಿಂತೇ, ನೆಟ್ಟಗೆ, ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ. ಮಾಸ್ತರರು ಫೋನಿನ ಕಡೆ ಕೈ ಚಾಚಿ, ತಲೆ ತಗ್ಗಿಸಿಕೊಂಡೇ ಏನೋ ಕೇಳಿದರು. ಅವನು ಹೆಂಡತಿಯ ಕಡೆ ತಿರುಗಿದ.

"ಯಾವಾಗಿಂದ ಅಂತ ಕೇಳ್ತಿದ್ದಾರೆ," ಎಂದು ಅವಳು ಅವನ ಮುಖಕ್ಕೆ ಮುಖ ಕೊಟ್ಟು ಬಿಡಿಸಿ ಹೇಳಿದಳು.

"ಸಮುದ್ರದ ಕಡೆ ಇದ್ದಾಗಿಂದ."

ಅವಳು ಬೆಂಚಿನ ಮೇಲೆ ಕುಳಿತಳು. ಬೆಟ್ಟದ ಕಡೆ ಹೋದದ್ದು ಅದಾದ ಮೇಲೆ. ಅಲ್ಲಿ ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದದ್ದು ಅವನ ರೈಲಿನಲ್ಲೇ. ಅಪ್ಪನ ಗಾಡಿಯಲ್ಲವೇ, ಭಯವಿಲ್ಲವೆಂದು ಅವಳೇ ದಿನವೂ ಕೈಹಿಡಿದು ಹತ್ತಿಸುತ್ತಿದ್ದಳು.