ಶಾಂತಕುಮಾರಿಯ ಎಡಗಾಲು

ಕಾರು ಕೆಟ್ಟಿದ್ದಕ್ಕೆ ಕಾರಣ ಶಾಂತಕುಮಾರಿಯ ಎಡಗಾಲು ಎಂದು ಆನೆಕೊಂಡದ ಆ ಓಣಿಯಲ್ಲಿ ಕಾರು ಬಿಚ್ಚುವ ಮೊದಲೇ ತೀರ್ಮಾನವಾಗಿ ಹೋಗಿತ್ತು. ತೀರ್ಮಾನ ಕೊಟ್ಟವನು ಅವಳ ಗಂಡ ಕರಿಬಸವರಾಜ, ಒಪ್ಪಿದವರು ಓಣಿಯ ಗಂಡಸರೆಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ಸ್ಟೇರಿಂಗ್ ಮುಟ್ಟಿದವರೇ ಅಲ್ಲ. ಆದರೂ ಹೆಣ್ಣುಮಕ್ಕಳ ಎಡಗಾಲಿನ ವಿಷಯದಲ್ಲಿ ಎಲ್ಲರಿಗೂ ಒಳ್ಳೆಯ ತಿಳಿವಳಿಕೆಯಿತ್ತು.

ರೋಗದ ಲಕ್ಷಣ ಸರಳವಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನು ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು, ಕಾರು ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬಂತೆ ತೆವಳುತ್ತಿತ್ತು. ಹೋದ ವಾರ ಹರಿಹರದಿಂದ ಬರುವಾಗ ಮೇಲ್ಸೇತುವೆಯ ಏರಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಅವಳನ್ನು ಹಿಂದೆ ಹಾಕಿತು. ಟ್ರ್ಯಾಕ್ಟರಿನವನು ತಿರುಗಿ ನೋಡಿ ನಕ್ಕ. ಅವಳಿಗೆ ಅಳು ಬಂತು.

"ಕ್ಲಚ್ ಪ್ಲೇಟ್ ಸವದೈತೆ," ಎಂದ ಕರಿಬಸವರಾಜ, ಕಟ್ಟೆಯ ಮೇಲೆ ಕೂತು, ನಾಲ್ಕು ಜನರ ಎದುರಿಗೇ. "ಪೆಡಲ್ ಮ್ಯಾಲೆ ಕಾಲಿಟ್ಕೊಂಡೇ ಓಡಿಸ್ತೀಯ. ಅದೇನು ಕಾಲಿಟ್ಕೊಂಡು ಕೂಡ್ರೋ ಮಣೆ ಏನು?"

"ನಾನ್ಯಾಕ ಕಾಲಿಡ್ಲಿ ರೀ?"

"ಬಿಚ್ಚಿದ್ರೆ ಗೊತ್ತಾಗ್ತೈತೆ. ಕಾಲಿಂದಾನೇ ಅಂತ ಆದ್ರೆ ಕೀಲಿ ನನ್ನ ಜೇಬಿಗೆ. ನೀನು ಬಸ್ಸಿಗೆ."

ಬೇರೆ ಗಂಡಸು ಹೀಗೆ ಹೇಳಿದ್ದರೆ ಎರಡು ದಿನ ಬಿಟ್ಟು ಮರೆಯುತ್ತಾನೆ ಎನ್ನಬಹುದಿತ್ತು. ಕರಿಬಸವರಾಜ ಹರಿಹರದ ಯಂತ್ರ ಕಾರ್ಖಾನೆಯೊಂದರಲ್ಲಿ ಮೊದಲು ಫಿಟ್ಟರ್, ಆಮೇಲೆ ನಿವೃತ್ತನಾಗುವ ತನಕ ಮಾಲು ತಪಾಸಣೆಯ ವಿಭಾಗದಲ್ಲಿದ್ದವನು. ಅಲ್ಲೇ ಕೆಲಸಕ್ಕಿದ್ದ ಶಾಂತಕುಮಾರಿಯ ಸ್ವಂತ ಅಣ್ಣ ಲೇತಿನಲ್ಲಿ ಕಡೆದ ಉಕ್ಕಿನ ತುಂಡೊಂದು ಕೂದಲೆಳೆಯಷ್ಟು ಹೆಚ್ಚಾಯಿತೆಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಪಕ್ಕಕ್ಕೆ ಎಸೆದಿದ್ದ. ಆ ಗೀಟಿನ ಕಾರಣಕ್ಕೆ ಅವಳು ಎರಡು ಯುಗಾದಿ ತವರಿಗೆ ಹೋಗಿರಲಿಲ್ಲ. ಇಂಥವನ ಮಾತು ಮಾತೇ.

ಶಾಂತಕುಮಾರಿ ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಹರಿಹರದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಮನೆಯಲ್ಲಿ ಗಂಡ, ಗಂಡನ ಟಿವಿ, ಗಂಡನನ್ನು ಕೇಳಿಕೊಂಡು ಬರುವವರು. ಅಲ್ಲಿ ಸೂಜಿಗೆ ದಾರ ಪೋಣಿಸಲಾರದ ಹುಡುಗಿಯರು. ನಡುವಿನ ದಾರಿ ಮಾತ್ರ ಅವಳದು. ಕಿಟಕಿಯ ಗಾಜು ಏರಿಸಿಕೊಂಡು ಗಟ್ಟಿಯಾಗಿ ಹಾಡುತ್ತಿದ್ದಳು, ಶ್ರುತಿ ತಪ್ಪಿದರೆ ಕೇಳುವವರಿರಲಿಲ್ಲ. ಆ ದಾರಿ ಕೈತಪ್ಪಿದರೆ ತನಗೆ ಉಳಿಯುವುದೇನು ಎಂಬ ಚಿಂತೆ ಹತ್ತಿತ್ತು.

ಇನ್ನೊಂದು ಚಿಂತೆಯೂ ಇತ್ತು. ಕಾಲು ಇಡುವುದಿಲ್ಲ ಎಂದು ವಾದಿಸಿದ್ದೇನೋ ಸರಿ. ಆದರೆ ಓಡಿಸುವಾಗ ಎಡಗಾಲು ನಿಜಕ್ಕೂ ಎಲ್ಲಿರುತ್ತಿತ್ತೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಮದುವೆಗೆ ಮುಂಚಿನಿಂದ ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟೇ ಕೂತವಳು ಅವಳು. ಹೊಲಿಯದೆ ಸುಮ್ಮನೆ ಮಾತಾಡುವಾಗಲೂ ಕಾಲು ಅಲ್ಲೇ ಇರುತ್ತಿತ್ತು. ಪೆಡಲ್ ಕಂಡ ಕಾಲು ನೆಲದ ಮೇಲೆ ನಿಲ್ಲುತ್ತದೆ ಎಂದು ಅವಳೇ ಆಣೆ ಮಾಡಿ ಹೇಳುವ ಹಾಗಿರಲಿಲ್ಲ.

ಒಂದಿಷ್ಟು ದಿನ ಬಸ್ಸಿಗೆ ಹೋಗಿ ಬಂದಳು. ಭಾನುವಾರ ಕಾರು ಮನೆಯ ಮುಂದೆಯೇ ಕಲ್ಲುಗಳ ಮೇಲೆ ಏರಿತು. ಕರಿಬಸವರಾಜ ಗ್ಯಾರೇಜಿನವರನ್ನು ನಂಬುವವನಲ್ಲ. ಬಾನೆಟ್ಟಿನ ಅಡ್ಡಕ್ಕೆ ದಪ್ಪ ತೊಲೆ ಇಟ್ಟು, ಇಂಜಿನ್ನು ಕೆಳಗಿಳಿಯದಂತೆ ಹಗ್ಗದಲ್ಲಿ ಬಿಗಿದು ಕಟ್ಟಿದ. ಜಾಕು ಎದುರುಮನೆಯ ಪಾಲಯ್ಯನದು. ಪಾಲಯ್ಯ ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ಜಾಕಿನ ಜೊತೆ ತಾನೂ ಬಂದು ಕುರ್ಚಿ ಹಾಕಿಸಿಕೊಂಡು ಕೂತ. ಬಾನೆಟ್ ತೆರೆದದ್ದು ಕಂಡು ಉಳಿದವರೂ ಬಂದರು. ಶಾಂತಕುಮಾರಿ ಎಲ್ಲರಿಗೂ ಚಹ ಕೊಟ್ಟಳು, ತನ್ನ ವಿಚಾರಣೆಗೆ ಬಂದವರಿಗೆ ತಾನೇ ಸಕ್ಕರೆ ಹೆಚ್ಚೋ ಕಡಿಮೆಯೋ ಎಂದು ಕೇಳಿದಳು.

ಕರಿಬಸವರಾಜ ಕೆಲಸ ಮಾಡುತ್ತಲೇ ಪಾಠ ಮಾಡಿದ. ಇಂಜಿನ್ನಿನ ಎಣ್ಣೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಸೋರಿದ್ದರೆ ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ನೆಂದಿರುತ್ತದೆ, ಅದು ಯಾರ ತಪ್ಪೂ ಅಲ್ಲ. ಕಾಲಿಟ್ಟುಕೊಂಡೇ ಓಡಿಸಿದ್ದರೆ ಪ್ಲೇಟ್ ಒಣಗಿರುತ್ತದೆ. ಜೊತೆಗೆ ಕ್ಲಚ್ ಒತ್ತುವ ಬೇರಿಂಗೂ ಅದು ತಾಗುವ ಉಕ್ಕಿನ ಬೆರಳುಗಳೂ ಸವೆದಿರುತ್ತವೆ. ಇದನ್ನು ಓಣಿಗೆಲ್ಲ ಅರ್ಥವಾಗುವ ತನಕ ಹೇಳಿದ. ಶಾಂತಕುಮಾರಿ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಳು, ಕೇಳಿದ ಸ್ಪ್ಯಾನರ್ ಕೊಟ್ಟಳು.

ಊಟದ ಹೊತ್ತಿಗೆ ಗೇರ್ ಬಾಕ್ಸ್ ಗೋಣಿತಟ್ಟಿನ ಮೇಲೆ ಇಳಿಯಿತು. ಕರಿಬಸವರಾಜ ಪ್ಲೇಟು, ಬೇರಿಂಗು ಎಲ್ಲ ತೆಗೆದುಕೊಂಡು ಹೊರಗೆ ಬಂದು ನೆಲದಲ್ಲಿ ಕೂತ. ಎಲ್ಲರಿಗಿಂತ ಮೊದಲು ಕಂಡದ್ದು ಶಾಂತಕುಮಾರಿಗೆ. ಪ್ಲೇಟ್ ರಿವೆಟ್ಟಿನವರೆಗೆ ಸವೆದಿತ್ತು. ಎಣ್ಣೆಯ ಪಸೆ ಎಳ್ಳಷ್ಟೂ ಇರಲಿಲ್ಲ. ಉಕ್ಕಿನ ಬೆರಳುಗಳ ತುದಿಯಲ್ಲಿ ಗುಂಡಗೆ, ಬೆಳ್ಳಿಯ ಕಾಲುಂಗುರದಂತೆ ಹೊಳೆಯುವ ಗೆರೆ ಕೊರೆದಿತ್ತು. ನನ್ನ ಕಾಲೇ, ಎಂದುಕೊಂಡಳು.

ಕರಿಬಸವರಾಜ ಬೇರಿಂಗನ್ನು ತಿರುಗಿಸಿ ನೋಡಿದ. ಬೆರಳುಗಳನ್ನು ಸವರಿ ನೋಡಿದ. ತಲೆಯೆತ್ತಿ ಅವಳನ್ನು ನೋಡಿದ.

"ಆಯಿಲ್ ಸೀಲ್ ಹೋಗೈತೆ," ಎಂದ.

ಪಾಲಯ್ಯ ಕುರ್ಚಿಯಿಂದ ಎದ್ದು ಬಂದು ಪ್ಲೇಟಿನ ಮೇಲೆ ಬೆರಳಾಡಿಸಿದ. "ಒಣಾ ಐತಲ್ಲ ಕರಿಬಸಣ್ಣ?"

"ಈಗ ಒರೆಸ್ದೆ."

"ಯಾವಾಗ? ನಾನಿಲ್ಲೇ ಅದೀನಲ್ಲ."

"ಕಾರಿನ ಕೆಳಗಿದ್ದೋನು ನಾನಾ, ನೀನಾ?"

"ಮತ್ತೆ ಈ ಬೇರಿಂಗು? ಕರಕರ ಅಂತೈತೆ."

"ಕೆಲವು ಹಂಗೇ ಇರ್ತಾವೆ."

ಆಯಿಲ್ ಸೀಲಿನ ಮಾತು ಕರಿಬಸವರಾಜ ಜೀವಮಾನದಲ್ಲಿ ಹೇಳಿದ ಮೊದಲ ಸುಳ್ಳು. ರೂಢಿಯಿಲ್ಲದ್ದರಿಂದ ತೀರಾ ಕೆಟ್ಟದಾಗಿ ಹೇಳಿದ. ಪಾಲಯ್ಯ ಒಮ್ಮೆ ಗಂಡನ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿದ. ಆದರೂ ಇಷ್ಟು ವರ್ಷ ಬಸ್ ಓಡಿಸಿದ ಮನುಷ್ಯ, ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

"ಹಂಗಾದ್ರೆ ಸೀಲೂ ಬದಲಿ ಮಾಡ್ಬೇಕಲ್ಲ?"

"ಮಾಡ್ದೆ ಬಿಡ್ತೀನಾ?" ಎಂದ ಕರಿಬಸವರಾಜ.

ಆ ಸೀಲು ಇರುವುದು ಫ್ಲೈವೀಲ್ ಎಂಬ ಭಾರದ ಚಕ್ರದ ಹಿಂದೆ. ಆಡಿದ ಮಾತಿಗಾಗಿ ಕರಿಬಸವರಾಜ ಮತ್ತೆ ಕಾರಿನ ಕೆಳಗೆ ತೂರಿದ. ಬೋಲ್ಟುಗಳು ಜಪ್ಪಯ್ಯ ಅನ್ನಲಿಲ್ಲ. ಒಂದು ಸ್ಪ್ಯಾನರ್ ಜಾರಿ ಕೈಗಿಣ್ಣು ಕಿತ್ತು ರಕ್ತ ಬಂತು. ಶಾಂತಕುಮಾರಿ ಅರಿಸಿನ ತಂದರೆ ಬ್ಯಾಡ ಎಂದ. ಸಂಜೆಯ ಹೊತ್ತಿಗೆ ಕಿತ್ತ ಸೀಲು ಎಲ್ಲೂ ಬಿರುಕಿಲ್ಲದೆ ಮೆತ್ತಗೆ ಇತ್ತು, ಇನ್ನೂ ಎಷ್ಟೋ ವರ್ಷ ಬಾಳುವಂತಿತ್ತು. ಅದನ್ನು ಯಾರಿಗೂ ತೋರಿಸದೆ ಜೇಬಿಗೆ ಹಾಕಿಕೊಂಡ. ಮರುದಿನ ಪಾಲಯ್ಯನ ಬೈಕಿನಲ್ಲೇ ಅಂಗಡಿಗೆ ಹೋಗಿ ಹೊಸ ಪ್ಲೇಟು, ಬೇರಿಂಗಿನ ಜೊತೆ ಹೊಸ ಸೀಲನ್ನೂ ತಂದು, ಅದನ್ನು ಪಾಲಯ್ಯನ ಎದುರೇ ಕೂರಿಸಿದ.

ಶಾಂತಕುಮಾರಿಗೆ ನಾಚಿಕೆಯೂ ಆಯಿತು, ಹೇಳಲಾಗದಷ್ಟು ಸಂತೋಷವೂ ಆಯಿತು. ಹೊಸ ಪ್ಲೇಟನ್ನು ನಡುಮಧ್ಯಕ್ಕೆ ಹೊಂದಿಸಲು ಏನಾದರೂ ಕೊಡು ಎಂದು ಅವನು ಕೇಳಿದಾಗ ಲಟ್ಟಣಿಗೆ ತಂದುಕೊಟ್ಟಳು. ಅದರ ಹಿಡಿ ಸರಿಯಾಗಿ ಕೂತಿತು. ಗೇರ್ ಬಾಕ್ಸ್ ಮೇಲೇರಿತು, ಹಗ್ಗ ಬಿಚ್ಚಿದರು, ಕಲ್ಲು ತೆಗೆದರು. ಕರಿಬಸವರಾಜ ಕೈ ತೊಳೆದುಕೊಂಡು ಬಂದು ಓಣಿಯವರೆಲ್ಲ ನೋಡುತ್ತಿರುವಾಗ ಕೀಲಿಯನ್ನು ಅವಳ ಕೈಗೆ ಕೊಟ್ಟು, ತಾನು ಎಡಗಡೆಯ ಸೀಟಿನಲ್ಲಿ ಕೂತ.

ಕಾರು ಓಣಿ ದಾಟಿ ಹರಿಹರದ ರಸ್ತೆ ಹಿಡಿಯಿತು.

"ಎಣ್ಣೆ ಇರ್ಲಿಲ್ಲ ರೀ," ಎಂದಳು ಶಾಂತಕುಮಾರಿ. "ನನ್ನ ಕಾಲೇ."

"ಗೊತ್ತು."

"ಮತ್ಯಾಕ ಹಂಗಂದ್ರಿ? ನಾಲ್ಕು ಜನರ ಮುಂದೆ ಆಡಿದ ಮಾತು."

ಕರಿಬಸವರಾಜ ಕಿಟಕಿಯ ಹೊರಗೆ ಭತ್ತದ ಗದ್ದೆಯ ಕಡೆ ತಿರುಗಿದ.

"ಹೇಳಾಕೆ ಬಾಯಿ ತೆಗ್ದಿದ್ದೆ," ಎಂದ. "ನೀನು ಟಾರ್ಚ್ ಹಿಡ್ಕೊಂಡು ಕುಂತಿದ್ದೆ. ನಡುಮಧ್ಯಾಹ್ನ. ಆರ್ಸೋದೂ ನಿನಗೆ ಗೊತ್ತಾಗಿರ್ಲಿಲ್ಲ. ನಿನ್ನ ಮುಖ ನೋಡಿದ ಮ್ಯಾಲೆ ನನ್ನ ಕೈಲಿ ಆಗ್ಲಿಲ್ಲ."

ಶಾಂತಕುಮಾರಿಗೆ ರಸ್ತೆ ಮಂಜು ಮಂಜಾಗಿ ಕಂಡಿತು. ಮದುವೆಯಾದಂದಿನಿಂದ ಇವನು ಇಷ್ಟು ಉದ್ದದ ಮಾತನ್ನು ತನ್ನ ಬಗ್ಗೆ ಆಡಿದ್ದು ಅವಳಿಗೆ ನೆನಪಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಕಾಲು ತೆಗಿ," ಎಂದ ಕರಿಬಸವರಾಜ.

ಕೆಳಗೆ ನೋಡಿದಳು. ಎಡಗಾಲು ಆಗಲೇ ಪೆಡಲ್ ಮೇಲೆ ಏರಿ ಕೂತಿತ್ತು. ತೆಗೆದು ನೆಲಕ್ಕೆ ಊರಿದಳು.

"ಇನ್ನೊಂದು ಸಲ ಬಿಚ್ಚೋದು ಬಂದ್ರೆ," ಎಂದ ಅವನು, ಗದ್ದೆಯ ಕಡೆಗೇ ನೋಡುತ್ತ, "ಹೇಳಾಕೆ ನನ್ನ ಹತ್ರ ಬ್ಯಾರೆ ಸುಳ್ಳಿಲ್ಲ."