ಮೊದಲನೆಯ ಕುಟುಂಬ

ಅವಳು ಡಾಕ್ಟರ್ ಹೌದು, ಆದರೆ ಮಾತ್ರೆ ಬರೆಯುವ ಡಾಕ್ಟರ್ ಅಲ್ಲ. ಇದನ್ನು ನೆಂಟರಿಷ್ಟರಿಗೆ ಬಿಡಿಸಿ ಹೇಳಿ ಹೇಳಿ ಅವಳ ಅಪ್ಪ ಸೋತು ಸುಣ್ಣವಾಗಿದ್ದರು. ಕೊನೆಗೆ, ನನ್ನ ಮಗಳು ಜನರಿಗೆ ಒಗಟು ಹಾಕಿ ಸಂಬಳ ತಗೋತಾಳೆ ಎಂದು ಹೇಳಿ ಕೈತೊಳೆದುಕೊಂಡರು. ಅದರಲ್ಲಿ ದೊಡ್ಡ ಸುಳ್ಳೇನೂ ಇರಲಿಲ್ಲ. ನರಮನೋವಿಜ್ಞಾನಿಯ ಕೆಲಸ ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಎದುರಿಗೆ ಕೂತವರಿಗೆ ಹದಿನೈದು ಪದ ಓದಿ ಹೇಳುವುದು, ಅರ್ಧ ಗಂಟೆ ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುವುದು, ಬಣ್ಣದ ಚೀಟಿಗಳನ್ನು ವಿಂಗಡಿಸಲು ಕೊಟ್ಟು ನಡುವೆ ಸದ್ದಿಲ್ಲದೆ ನಿಯಮ ಬದಲಾಯಿಸುವುದು. ಆಮೇಲೆ ಎರಡು ಸೀಸೆ ರಕ್ತ ತೆಗೆಸಿ ಶೀತಪೆಟ್ಟಿಗೆಗೆ ಕಳಿಸುವುದು. ಇಲ್ಲದ ದನಿ ಕೇಳಿಸುವ, ಇಲ್ಲದ ಶತ್ರುವಿಗೆ ಬೆವರುವ ಆ ಕಾಯಿಲೆ ಕೆಲವು ಮನೆಗಳಲ್ಲೇ ಯಾಕೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ? ಮೂವತ್ತೊಂದು ವರ್ಷ ಅವಳು ಕೇಳಿದ್ದು ಇದೊಂದೇ ಪ್ರಶ್ನೆ. ಕೇಳಿದ್ದು ಆರುನೂರ ಹನ್ನೆರಡು ಕುಟುಂಬಗಳನ್ನು. ಅದರಲ್ಲಿ ಮೊದಲನೆಯ ಕುಟುಂಬ ಅವಳದೇ.

ಅಣ್ಣನಿಗೆ ಇಪ್ಪತ್ತು ತುಂಬಿದ ವರ್ಷ ಅದು ಶುರುವಾಗಿತ್ತು. ಕಾಲೇಜು ಬಿಟ್ಟ, ಬೀಗದ ತೂತಿಗೆಲ್ಲ ಹತ್ತಿ ತುರುಕಿದ, ಒಂದು ದಿನ ಅಮ್ಮನನ್ನೇ ಯಾರು ನೀನು ಎಂದು ಕೇಳಿದ. ಮಾತ್ರೆಗಳು ದನಿಗಳನ್ನು ತಗ್ಗಿಸಿದವು, ಅವನನ್ನೂ ತಗ್ಗಿಸಿದವು. ಆಮೇಲೆ ಅವನು ಕೆಲಸವೆಂದು ಮಾಡಿದ್ದು ಬಾಲ್ಕನಿಯ ಕುಂಡಗಳಿಗೆ ನೀರು ಹಾಕುವುದು ಮತ್ತು ಕೆಳಗೆ ಹೋಗುವ ಬಸ್ಸುಗಳು ಎಷ್ಟು ನಿಮಿಷ ತಡ ಎಂದು ಸಿಟ್ಟಿನಿಂದ ಘೋಷಿಸುವುದು. ಅಪ್ಪ ಅವನನ್ನು ದೊರೆ ಎಂದೇ ಕರೆಯುತ್ತಿದ್ದರು. ದೊರೆ ಎದ್ದರಾ, ದೊರೆಯ ಸವಾರಿ ಊಟಕ್ಕೆ ಯಾವಾಗ, ಹೀಗೆ. ಅಣ್ಣ ನಗುತ್ತಿದ್ದುದು ಆ ಒಂದು ಮಾತಿಗೆ ಮಾತ್ರ.

ಅವಳು ಸಂಶೋಧನೆಗೆ ಸೇರಿದ ಹೊಸತರಲ್ಲಿ ಅವಳ ಮೇಷ್ಟರು ಒಂದು ನಿಯಮವನ್ನು ತಲೆಗೆ ಕುಟ್ಟಿ ಕುಟ್ಟಿ ತುಂಬಿದ್ದರು. ವಂಶವೃಕ್ಷ ಬರೆಯುವಾಗ ಮನೆಯವರನ್ನು ಒಟ್ಟಿಗೆ ಕೂರಿಸಬೇಡ. ಒಬ್ಬೊಬ್ಬರನ್ನೇ ಕರೆ, ಬಾಗಿಲು ಮುಚ್ಚಿ ಕೇಳು. ಒಬ್ಬರ ಎದುರು ಇನ್ನೊಬ್ಬರು ಹೇಳುವುದು ಮನೆಯ ಮರ್ಯಾದೆಯನ್ನು, ನಿಜವನ್ನಲ್ಲ.

ಇದೆಲ್ಲ ಗೊತ್ತಿದ್ದೂ ಅವಳು ಒಂದು ರಜೆಯ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹಾಸಿದಳು. ಸ್ವಂತ ಮನೆ, ಸ್ವಂತ ಅಪ್ಪ ಅಮ್ಮ, ಇಲ್ಲಿ ಬಾಗಿಲು ಮುಚ್ಚುವಂಥದ್ದೇನಿದೆ? ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಬಂದವರಿಗೆ ಒಳಗೆ ಕಪ್ಪು. ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ ಎಂದಳು ಅಮ್ಮ, ಲೋಟಗಳನ್ನು ಎತ್ತಿಡುತ್ತಾ. ಅಪ್ಪ ಮಾತ್ರ, ನನ್ನ ತಮ್ಮನೊಬ್ಬ ಮನೆ ಬಿಟ್ಟು ಹೋದವನು ತಿರುಗಿ ಬರಲೇ ಇಲ್ಲ, ಅವನು ಒಂಥರಾ ಇದ್ದ ಎಂದರು. ಅವಳು ಚಿಕ್ಕಪ್ಪನ ಚೌಕಕ್ಕೆ ಕಪ್ಪು ತುಂಬಿದಳು. ಆಗ ಅವಳಿಗೆ ಇಪ್ಪತ್ತಾರು. ಆ ವಯಸ್ಸಿಗೆ ಗೊತ್ತಿದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ. "ಹಾಗಾದ್ರೆ ಇದು ಅಪ್ಪನ ಕಡೆಯಿಂದ ಬಂದದ್ದು" ಎಂದು ಸಾರಿಬಿಟ್ಟಳು.

ಮನೆಯ ನಾಲ್ವರ ರಕ್ತ ಶೀತಪೆಟ್ಟಿಗೆಗೆ ಹೋಯಿತು, ಆ ಹಾಳೆ ಅವಳ ಮೊದಲ ಪ್ರಬಂಧಕ್ಕೆ. ಪ್ರಬಂಧದಿಂದ ಹುದ್ದೆ, ಹುದ್ದೆಯಿಂದ ಪ್ರಯೋಗಾಲಯ, ಬೆನ್ನು ತಟ್ಟುವ ಕೈಗಳು, ಗೋಡೆಗೆ ಎರಡು ಫಲಕ. ಮನೆಯಲ್ಲಿ ಮಾತ್ರ ಆ ಮಾತು ಬೇರೆ ದಾರಿ ಹಿಡಿಯಿತು. ಅಣ್ಣ ಮಾತ್ರೆ ಉಗುಳಿದ ದಿನ, ಕಿಟಕಿಯ ಗಾಜು ಒಡೆದ ದಿನ, ಅಮ್ಮ ಅಪ್ಪನತ್ತ ತಿರುಗಿ ನಿಮ್ಮ ಮನೆತನದ ರಕ್ತ ಎನ್ನುತ್ತಿದ್ದಳು. ಅಪ್ಪ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಗಳು ಬಂದಾಗ ಕೇಳಿಸಿಕೊಂಡದ್ದೇ ಹತ್ತಾರು ಸಲ, ಕೇಳಿಸಿಕೊಳ್ಳದ್ದು ಎಷ್ಟೋ. ಹೀಗೆ ಅಲ್ಲಮ್ಮ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಿಕೊಟ್ಟವಳು ನೀನೇ ಅಲ್ವಾ ಎಂದುಬಿಡುತ್ತಿದ್ದಳು. ಅವಳು ನಾಲಿಗೆ ಕಚ್ಚಿಕೊಂಡು ಬಸ್ಸು ಹತ್ತುತ್ತಿದ್ದಳು.

ನಿವೃತ್ತಿಗೆ ಹತ್ತಿರವಾದಾಗ, ಶೀತಪೆಟ್ಟಿಗೆಯ ಹಳೆಯ ರಕ್ತವನ್ನೆಲ್ಲ ಹೊಸ ಯಂತ್ರಕ್ಕೆ ಹಾಕಿ ಓದಿಸುವ ಕಾಲ ಬಂತು. ಒಂದು ಮಧ್ಯಾಹ್ನ ಅಂಕಿಸಂಖ್ಯೆ ನೋಡುವ ಸಹೋದ್ಯೋಗಿ, ಚೂರು ಇಲ್ಲಿ ಬನ್ನಿ ಎಂದು ಕರೆದು ಪರದೆ ತೋರಿಸಿದಳು. ಒಂದನೆಯ ಕುಟುಂಬದ ರೋಗಿಗೆ ಹದಿನಾರನೆಯ ಕ್ರೋಮೋಸೋಮಿನಲ್ಲಿ ಒಂದು ತುಣುಕು ಎರಡೆರಡು ಸಲ ಇದೆ, ಅಪರೂಪದ್ದು, ಇದ್ದವರಿಗೆಲ್ಲ ಕಾಯಿಲೆ ಬರಬೇಕೆಂದಿಲ್ಲ, ಆದರೆ ಬರುವ ಸಾಧ್ಯತೆ ಹೆಚ್ಚು. ತಂದೆಯಲ್ಲಿ ಇಲ್ಲ, ತಂಗಿಯಲ್ಲಿ ಇಲ್ಲ, ತಾಯಿಯಲ್ಲಿ ಇದೆ. ಹಳೆಯ ಪ್ರಬಂಧದಲ್ಲಿ ತಂದೆಯ ಕಡೆ ಎಂದಿದೆಯಲ್ಲ, ತಪ್ಪಾಗಿರಬೇಕು ಎಂದು ಪಾಪದ ಹುಡುಗಿ ಸಹಜವಾಗಿ ಹೇಳಿದಳು. ಸೀಸೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾವ ಸಂಖ್ಯೆ ಯಾರದೆಂದು ನೋಡುವ ಅಧಿಕಾರ ಪ್ರಯೋಗಾಲಯದ ಮುಖ್ಯಸ್ಥೆಯಾದ ಅವಳಿಗೂ ಇರಲಿಲ್ಲ. ಆದರೆ ಒಂದನೆಯ ಕುಟುಂಬದ ಚೀಟಿಗಳನ್ನು ಅಂಟಿಸಿದ್ದು ಅವಳದೇ ಕೈ. ತಂಗಿ ಎಂದರೆ ತಾನೇ; ತಂಗಿಯಲ್ಲಿ ಇಲ್ಲ ಎಂಬ ಮಾತಿಗೆ ಮೊದಲು ಅವಳ ಜೀವ ಹಗುರಾಯಿತು. ಆಮೇಲೆ ಅದಕ್ಕಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆಮೇಲೆ ಅಪ್ಪನ ನೆನಪಾಯಿತು.

ಅಪ್ಪ ಆಗ ಆಸ್ಪತ್ರೆಯಲ್ಲಿದ್ದರು. ಹೃದಯ ದಣಿದಿದೆ, ವಾರವೋ ಎರಡು ವಾರವೋ ಎಂದಿದ್ದರು ಮಾತ್ರೆ ಬರೆಯುವ ಡಾಕ್ಟರು. ಇಷ್ಟು ವರ್ಷ ಮಗನ ಬಾಳನ್ನು ತನ್ನ ರಕ್ತವೇ ಕೆಡಿಸಿತು ಎಂದುಕೊಂಡು ಬದುಕಿದ ಮನುಷ್ಯ ಅದೇ ನಂಬಿಕೆಯಲ್ಲಿ ಕಣ್ಣು ಮುಚ್ಚಬೇಕೆ? ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ ಎಂದು ಆರುನೂರ ಹನ್ನೆರಡು ಕುಟುಂಬಗಳಿಗೆ ಬರೆದುಕೊಟ್ಟವಳು ಅವಳೇ. ಆ ಕಾಗದವನ್ನು ಗಾಳಿಗೆ ತೂರಿ ಹೊರಟಳು.

ಮಧ್ಯಾಹ್ನ ಅಮ್ಮ ಅಣ್ಣನಿಗೆ ಊಟ, ಮಾತ್ರೆ ಕೊಡಲು ಮನೆಗೆ ಹೋಗುವ ಹೊತ್ತು. ಅವಳು ಹಾಸಿಗೆಯ ಸುತ್ತ ಪರದೆ ಎಳೆದಳು. ಒಬ್ಬರನ್ನೇ ಕೇಳಬೇಕೆಂಬ ಆ ನಿಯಮವನ್ನು ತನ್ನ ಮನೆಯವರ ವಿಷಯದಲ್ಲಿ ಅವಳು ಪಾಲಿಸಿದ್ದು ಅದೇ ಮೊದಲು. ಅಪ್ಪ ಮುದ್ರಣಾಲಯವೊಂದರಲ್ಲಿ ಅಚ್ಚಿನ ಕರಡು ತಿದ್ದಿದವರು. ಅವರಿಗೆ ಅರ್ಥವಾಗಲೆಂದು, ಅಣ್ಣನಲ್ಲಿ ಒಂದು ಸಾಲು ಎರಡು ಸಲ ಅಚ್ಚಾಗಿದೆ, ಅದು ನಿಮ್ಮದಲ್ಲ, ಅಮ್ಮನ ಕಡೆಯದು, ನಾನು ಹೇಳಿದ್ದು ತಪ್ಪು ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅಳು ಬಂದಿತ್ತು.

ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. ನೀರು ಬೇಕೆಂದು ಸನ್ನೆ ಮಾಡಿದರು. ಎರಡು ಗುಟುಕು ಕುಡಿದರು.

"ನಿಮ್ಮ ಸೋದರಮಾವ ಮದುವೆಗೆ ಮುಂಚೇನೇ ಹೇಳಿದ್ದ. ನಿಮ್ಮಮ್ಮ ಹತ್ತೊಂಬತ್ತನೇ ವಯಸ್ಸಲ್ಲಿ ಎಂಟು ತಿಂಗಳು ಆಸ್ಪತ್ರೇಲಿ ಇದ್ಲಂತೆ. ಗೋಡೆ ಆಚೆಯಿಂದ ಯಾರೋ ಕರೀತಾರೆ ಅಂತಿದ್ಲಂತೆ. ಆಮೇಲೆ ವಾಸಿಯಾಯ್ತು, ಮತ್ತೆ ಬರ್ಲಿಲ್ಲ. ನಂಗೆ ಗೊತ್ತು ಅನ್ನೋದು ಅವಳಿಗೆ ಗೊತ್ತಾಗ್ಬಾರ್ದು ಅಂತ ಮಾತು ತಗೊಂಡ. ಕೊಟ್ಟೆ."

ಮತ್ತೆ ಅವತ್ತು ಮೇಜಿನ ಹತ್ತಿರ ಯಾಕೆ ಸುಮ್ಮನಿದ್ದಿರಿ ಎಂದು ಅವಳು ಕೇಳಿದಳು. ಚಿಕ್ಕಪ್ಪನ ಕಥೆ ಯಾಕೆ ಹೇಳಿದಿರಿ?

"ಅವನಿಗೇನೂ ಆಗಿರ್ಲಿಲ್ಲ. ಮನೇಲಿ ಜಗಳ ಆಡ್ಕೊಂಡು ಹೋದ, ಅಷ್ಟೆ. ನೀನು ಕೇಳಿದಾಗ ನಿಮ್ಮಮ್ಮನ ಕೈಲಿ ಲೋಟ ನಡುಗ್ತಿತ್ತು, ನೀನು ಬರೀತಿದ್ದೆ, ನೋಡ್ಲಿಲ್ಲ. ಮಗ ಹಾಗಾದ್ಮೇಲೆ ಹತ್ತು ವರ್ಷ ಅವಳು ಸರಿಯಾಗಿ ನಿದ್ದೆ ಮಾಡಿರ್ಲಿಲ್ಲ ಕಣೇ. ಅವತ್ತು ಮಾಡಿದ್ಲು."

ಅವಳು ನೀರಿನ ಲೋಟವನ್ನು ಕೆಳಗಿಟ್ಟಳು. ಅಮ್ಮ ಅಷ್ಟೊಂದು ಚುಚ್ಚುತ್ತಿದ್ದಳಲ್ಲ, ನೋವಾಗುತ್ತಿರಲಿಲ್ಲವೇ ಎಂದಳು.

"ಆಗ್ತಿತ್ತು" ಎಂದರು ಅಪ್ಪ. "ನಲವತ್ತು ವರ್ಷ ಕಂಡವರ ತಪ್ಪೆಲ್ಲ ತಿದ್ದಿದೀನಿ. ಇದೊಂದು ಹಾಗೇ ಇರ್ಲಿ ಬಿಡು. ನಾನು ಹೋದ್ಮೇಲೂ."

ಭಾರ ಇಳಿಸಲೆಂದು ಬಂದವಳು ಭಾರ ಹೊತ್ತುಕೊಂಡು ಹೊರಬಂದಳು. ಆರು ದಿನಕ್ಕೆ ಅಪ್ಪ ತೀರಿಕೊಂಡರು. ದೊರೆ ಎದ್ದರಾ ಎಂದು ಯಾರೂ ಕೇಳದ್ದಕ್ಕೆ ಅಣ್ಣ ಮೂರು ದಿನ ಹಾಸಿಗೆ ಬಿಟ್ಟು ಏಳಲೇ ಇಲ್ಲ.

ಕೆಲಸಕ್ಕೆ ಮರಳಿದ ಮೊದಲ ದಿನವೇ ಅವಳು ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ಎರಡು ಸಾಲಿನ ತಿದ್ದುಪಡಿ ಬರೆದಳು. ಮೊದಲನೆಯ ಕುಟುಂಬದ ಮಾಹಿತಿಯನ್ನು ಸಂಶೋಧಕಿ ನಿಯಮ ಮೀರಿ ಸಂಗ್ರಹಿಸಿದ್ದರಿಂದ ದೋಷ ಉಂಟಾಗಿದೆ, ಆನುವಂಶಿಕತೆ ತಾಯಿಯ ಕಡೆಯದು. ಆ ಪತ್ರಿಕೆ ಅವಳ ಮನೆಯ ಹೊಸ್ತಿಲು ದಾಟುವಂಥದ್ದಲ್ಲ. ಅಪ್ಪ ಇರಲಿ ಬಿಡು ಎಂದದ್ದು ಮನೆಯೊಳಗಿನ ತಪ್ಪನ್ನು ಮಾತ್ರ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ಸಮಾಧಾನವಾಗಲಿಲ್ಲ. ಅಂದು ಬಾಗಿಲು ಮುಚ್ಚಿ ಅಮ್ಮನೊಬ್ಬಳನ್ನೇ ಕೇಳಿದ್ದರೆ? ಅಮ್ಮ ಹೇಳಿಬಿಡುತ್ತಿದ್ದಳೇನೋ. ಇಬ್ಬರು ಒಂದೇ ಮನೆಯಲ್ಲಿ ಅಷ್ಟು ವರ್ಷ ಒಬ್ಬರಿಂದೊಬ್ಬರು ಒಂದೇ ವಿಷಯ ಮುಚ್ಚಿಡುವುದು ತಪ್ಪುತ್ತಿತ್ತೇನೋ.

ಒಂದು ಭಾನುವಾರ ತಾಯಿ ಮಗಳು ಅಪ್ಪನ ಬಟ್ಟೆಗಳನ್ನು ಮಡಿಸುತ್ತಾ ಕೂತಿದ್ದರು. ಬಾಲ್ಕನಿಯಲ್ಲಿ ಅಣ್ಣ ಬಸ್ಸಿಗೆ ಬಯ್ಯುತ್ತಿದ್ದ. ಅಮ್ಮ ಒಂದು ಅಂಗಿಯ ತೋಳನ್ನು ಹಿಡಿದವಳು ಹಿಡಿದೇ ಇದ್ದಳು. ಎಂಬತ್ತೆರಡರ ಕೈ, ಸ್ವಲ್ಪ ನಡುಗುತ್ತಿತ್ತು.

"ಈಗೇನೋ ಹೊಸ ಮಿಷನ್ನು ಬಂದಿದೆ ಅಂತಿದ್ಯಲ್ಲ. ಅದೂ ಅವರ ಕಡೆಯಿಂದಾನೇ ಅನ್ನುತ್ತಾ?"

ಅವಳು ಈ ಸಲ ಅಮ್ಮನ ಮುಖವನ್ನು ನೋಡಿದಳು. ಅಲ್ಲಿ ಇದ್ದದ್ದು ಬರೀ ಭಯ.

"ಹೌದಮ್ಮ" ಎಂದಳು. ವೃತ್ತಿಯಲ್ಲಿ ಅವಳು ಬೇಕೆಂದೇ ಹೇಳಿದ ಮೊದಲ ಸುಳ್ಳು ಅದು. ನಾಲಿಗೆ ತಡವರಿಸಲಿಲ್ಲ.

ಅಮ್ಮ ಉಸಿರು ಬಿಟ್ಟಳು. ಆಮೇಲೆ ಮಗಳು ಎಣಿಸದ್ದು ನಡೆಯಿತು. ಅಮ್ಮ ಅಂಗಿಯನ್ನು ಮುಖಕ್ಕೊತ್ತಿಕೊಂಡು ಅಳತೊಡಗಿದಳು. ಎಷ್ಟು ಅಂದುಬಿಟ್ಟೆ ಅವರನ್ನ, ಎಷ್ಟು ಚುಚ್ಚಿದೆ, ಬೇಕು ಅಂತ ಹುಟ್ಟಿಸಿಕೊಂಡ ರಕ್ತವಾ ಅದು ಎಂದು ಬಿಕ್ಕಿದಳು. ಮಗಳು ಬೆನ್ನು ನೇವರಿಸಿದಳು.

"ಅದೇ ನನ್ನ ಕಡೆಯಿಂದ ಬಂದಿದ್ರೆ," ಎಂದಳು ಅಮ್ಮ ಮುಖ ಎತ್ತದೆ, "ಅವರು ಒಂದಿನಾದ್ರೂ ಎತ್ತಿ ಆಡ್ತಿದ್ರಾ?"

"ಇಲ್ಲಮ್ಮ" ಎಂದಳು ಮಗಳು. "ಒಂದಿನಾನೂ ಆಡ್ತಿರ್ಲಿಲ್ಲ."