ಬೆಳಗಿನ ಐದು ಗಂಟೆಯ ನೀರು

ಜನವರಿ ಮೂರರಿಂದ ನಾನು ನಮ್ಮ ಮನೆಯನ್ನು ಬಿಸಿನೀರಿನ ಕೊಳವೆಗಳಿಂದ ಬೆಚ್ಚಗಿಡುವ ಬಾಯ್ಲರಿನ ಒತ್ತಡವನ್ನು ಬರೆದಿಡುತ್ತಿದ್ದೆ. ಪುಸ್ತಕದಲ್ಲಿ ನಾಲ್ಕು ಅಂಕಣಗಳಿದ್ದವು: ವೇಳೆ, ಒತ್ತಡ, ಹಿಂದಿನ ಕೋಣೆಯ ಉಷ್ಣತೆ, ಷರಾ. ಬೆಳಗ್ಗೆ ಆರಕ್ಕೆ, ಸಂಜೆ ಐದಕ್ಕೆ, ಮಲಗುವ ಮುನ್ನ ಹನ್ನೊಂದಕ್ಕೆ ಒಂದೊಂದು ದಾಖಲೆ. ಹತ್ತೊಂಬತ್ತು ದಿನಗಳ ಬಳಿಕ ಆ ಪುಸ್ತಕ ಒಂದು ಅಸಾಧ್ಯ ಸಂಗತಿಯನ್ನು ಹೇಳುತ್ತಿತ್ತು. ರಾತ್ರಿ ಸೊನ್ನೆ ಪಾಯಿಂಟ್ ಆರು ಬಾರ್‌ನಲ್ಲಿ ನಿಂತ ಮಾಪಕದ ಮುಳ್ಳು, ನಾವು ಎದ್ದು ನೋಡುವಷ್ಟರಲ್ಲಿ ಒಂದೂವರೆಗೆ ಏರಿರುತ್ತಿತ್ತು. ಮುಚ್ಚಿದ ಕೊಳವೆಗಳಲ್ಲಿ ತಣ್ಣಗಾಗುತ್ತಿರುವ ನೀರಿನ ಒತ್ತಡ ಇಳಿಯಬೇಕೇ ಹೊರತು ಏರಬಾರದು.

ಬೆಳಗ್ಗೆ ಆರರಿಂದ ಎಂಟರವರೆಗೆ ಬಾಯ್ಲರ್ ಸರಿಯಾಗಿ ಉರಿಯುತ್ತಿತ್ತು. ಸಂಜೆ ಐದಕ್ಕೆ ಮತ್ತೆ ಹೊತ್ತಿಕೊಳ್ಳಬೇಕಾದಾಗ ಒತ್ತಡ ಸಾಲದೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತಿತ್ತು. ಆಗ ಅಕ್ಕ ಲೌರಿ ಅಡುಗೆಮನೆಯಲ್ಲಿ ಬಾಯ್ಲರಿರುವ ಕಪಾಟಿನೊಳಗೆ ಬಗ್ಗಿ, ನಲ್ಲಿಯ ನೀರನ್ನು ಬಾಯ್ಲರಿಗೆ ಜೋಡಿಸುವ ಗಿಡ್ಡ ಕೊಳವೆಯ ಎರಡೂ ತಿರುಪುಗಳನ್ನು ತೆರೆದು, ಮುಳ್ಳು ಏರುವತನಕ ಕಾದು, ಮುಚ್ಚುತ್ತಿದ್ದಳು. ರಾತ್ರಿ ಬಾಯ್ಲರ್ ಆರಿದ ಮೇಲೆ ಅದು ಮತ್ತೆ ಇಳಿಯುತ್ತಿತ್ತು. ನಮ್ಮ ಕಣಿವೆಯ ಅರ್ಧ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಯಾರೂ ಅದನ್ನು ರೋಗವೆಂದು ಎಣಿಸುವುದಿಲ್ಲ.

ಆದರೆ ಈ ಸಲ ಎಣಿಸಲೇಬೇಕಾಗಿತ್ತು. ಲೌರಿಯ ಮಗು ಮ್ಯಾಕ್ಸೆನ್ ಎಂಟು ವಾರ ಮೊದಲೇ ಹುಟ್ಟಿ, ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಿಂದ ತೊಟ್ಟಿಲಿಗೆ ಬಂದಿದ್ದ. ತೂಕ ಎರಡು ಕಿಲೋಗೆ ಇನ್ನೂ ಸ್ವಲ್ಪ ಕಡಿಮೆ. ಮನೆ ಹಗಲೂ ರಾತ್ರಿ ಹದಿನೆಂಟು ಡಿಗ್ರಿಗಿಂತ ಕೆಳಗಿಳಿಯುವುದಿಲ್ಲವೆಂದು ಖಾತ್ರಿಯಾದರೆ ಮಾತ್ರ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಹಿಂದಿನ ಶುಕ್ರವಾರ ಬರಬೇಕಾಗಿದ್ದವನು ಬರಲಿಲ್ಲ. ಮನೆ ನೋಡಲು ಬಂದ ನರ್ಸ್ ಮೆರೆಡಿತ್ ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ನಿಂತಿದ್ದರು, ಅಷ್ಟೇ ಸಾಕಾಯಿತು. ಗುರುವಾರ ಮಧ್ಯಾಹ್ನ ಎರಡಕ್ಕೆ ಅವರು ಮತ್ತೆ ಬರುವವರಿದ್ದರು. ಲೌರಿಯ ಗಂಡ ಹಡಗಿನ ಕೆಲಸದಲ್ಲಿದ್ದ, ತಿಂಗಳ ಕೊನೆಗೆ ಬರುತ್ತಿದ್ದ. ಅವಳು ದಿನಕ್ಕೆ ಎರಡು ಬಸ್ಸು ಬದಲಿಸಿ, ಎದೆಹಾಲಿನ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಮಗುವಿನ ಬಳಿ ಹೋಗಿಬರುತ್ತಿದ್ದಳು.

ಪರವಾನಗಿಯಿದ್ದ ರಿಪೇರಿಯವನು ಎರಡು ಸಲ ಬಂದಿದ್ದ. ಎರಡು ಸಲವೂ ಮುಳ್ಳು ಒಂದೂವರೆಯಲ್ಲಿ ನಿಂತಿತ್ತು, ಬಾಯ್ಲರ್ ಮೊದಲ ಸೆಕೆಂಡಿಗೇ ಹೊತ್ತಿಕೊಂಡಿತ್ತು. ದೂರುವಂಥದ್ದೇನೂ ಇಲ್ಲವೆಂದು ಚಹಾ ಕುಡಿದು ಹೋಗಿದ್ದ. ಹಿಮಗಾಳಿ ಶುರುವಾದ ಮೇಲೆ ಅವನನ್ನು ಮುಂದಿನ ಮಂಗಳವಾರದವರೆಗೆ ಹಿಡಿಯುವಂತಿರಲಿಲ್ಲ.

ಬುಧವಾರ ಸಂಜೆ ನಾನು ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಲೌರಿ ಬಾಟಲಿಗಳನ್ನು ಕುದಿಸುತ್ತಿದ್ದಳು. ಒಮ್ಮೆ ಕುದಿಸಿದವನ್ನೇ ಮತ್ತೊಮ್ಮೆ ಕುದಿಸುತ್ತಿದ್ದಳು.

"ಹತ್ತೊಂಬತ್ತು ದಿನ ಬರೆದೆಯಲ್ಲ ನೆರಿಸ್, ಮಗು ಬಂದ ಮೇಲೆ ಆ ಪುಸ್ತಕಾನೇ ಹೊದಿಸೋಣ ಬಿಡು," ಎಂದಳು.

ಅಪ್ಪ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಯಾವ ಯಂತ್ರವನ್ನೂ ಬೈಯಬಾರದು ಎಂಬುದು ಅವರ ನಿಯಮ. ಬಾಯ್ಲರಿನ ಮಾತು ಬಂದಾಗಲೆಲ್ಲ ಎದ್ದು ಹಿಂಬಾಗಿಲಿನತ್ತ ಹೋಗುತ್ತಿದ್ದರು.

ನನ್ನ ತರ್ಕ ಹೀಗಿತ್ತು. ಮುಚ್ಚಿದ ವ್ಯವಸ್ಥೆಯೊಳಗೆ ರಾತ್ರಿ ನೀರು ಸೇರುತ್ತಿದೆಯೆಂದರೆ ಅದು ಬರಬಹುದಾದ ದಾರಿ ಒಂದೇ: ಆ ಗಿಡ್ಡ ಕೊಳವೆ. ಅದರ ತಿರುಪು ಸವೆದು ನೀರನ್ನು ಸದ್ದಿಲ್ಲದೆ ಬಿಡುತ್ತಿದೆ. ಹೆಚ್ಚಾದ ನೀರು ಬಿಸಿಯಾದಾಗ ಎಲ್ಲಿಂದಲೋ ಹೊರಬಿದ್ದು ಸಂಜೆಗೆ ಕೊರತೆಯಾಗುತ್ತಿದೆ. ಒಂದೇ ಕಾರಣ ಎರಡೂ ಲಕ್ಷಣಗಳನ್ನು ವಿವರಿಸುತ್ತಿತ್ತು, ಅದರಿಂದಲೇ ನನಗೆ ಅದು ಹಿಡಿಸಿತು. ಹನ್ನೊಂದಕ್ಕೆ ಮುಳ್ಳು ಸೊನ್ನೆ ಪಾಯಿಂಟ್ ಆರು ತೋರಿಸಿದಾಗ ಎರಡೂ ತಿರುಪುಗಳನ್ನು ಬಿಗಿಮಾಡಿ, ಕೊಳವೆಯನ್ನು ಕಳಚಿ, ಒರೆಸಿ, ನನ್ನ ಕೋಣೆಯ ಮೇಜಿನ ಮೇಲಿಟ್ಟೆ. ಬೆಳಗ್ಗೆಯೂ ಮುಳ್ಳು ಸೊನ್ನೆ ಪಾಯಿಂಟ್ ಆರರಲ್ಲೇ ಇದ್ದರೆ ಸಾಬೀತು. ಕೊಳವೆ ತೆಗೆದ ಬಾಯಿಗೆ ಮುಚ್ಚಳ ಹಾಕಬೇಕೆಂದು ಬಾಯ್ಲರಿನ ಕೈಪಿಡಿಯಲ್ಲಿತ್ತು. ಮನೆಯಲ್ಲಿ ಮುಚ್ಚಳವಿರಲಿಲ್ಲ. ತಿರುಪು ಮುಚ್ಚಿರುವಾಗ ಅದು ಅನಗತ್ಯವೆಂದು ನಿರ್ಧರಿಸಿದೆ, ಷರಾ ಅಂಕಣದಲ್ಲಿ ಹಾಗೆಯೇ ಬರೆದೆ. ಯಾರಿಗೂ ಹೇಳಲಿಲ್ಲ.

ಐದು ದಾಟಿರಬೇಕು, ಕೆಳಗಿನಿಂದ ಬಂದ ಸದ್ದಿಗೆ ಎಚ್ಚರವಾಯಿತು. ಯಾರೋ ನೀರಿನ ಧಾರೆಯನ್ನು ತಗಡಿಗೆ ಹಿಡಿದಂತಹ ಸದ್ದು. ಮೆಟ್ಟಿಲ ದೀಪ ಹಾಕಿ ಓಡಿಬಂದೆ. ಅಡುಗೆಮನೆಯ ದೀಪ ಹತ್ತಲಿಲ್ಲ. ಮೆಟ್ಟಿಲ ದೀಪದ ಬೆಳಕಿನಲ್ಲಿ ಅಪ್ಪ ಕಾಣಿಸಿದರು: ಕಪಾಟಿನೊಳಗೆ ಅರ್ಧ ದೇಹ, ತಲೆಯಿಂದ ಪಾದದವರೆಗೆ ಒದ್ದೆ, ಕೈಯನ್ನು ತೆರೆದ ಕೊಳವೆಬಾಯಿಗೆ ಒತ್ತಿಹಿಡಿದಿದ್ದರು. ಬೆರಳ ಸಂದಿಗಳಿಂದ ಚಿಮ್ಮಿದ ನೀರು ಬಾಯ್ಲರಿಗೆ, ಗೋಡೆಯ ಸ್ವಿಚ್ಚಿಗೆ, ಲೌರಿಯ ಬಾಟಲಿಗಳಿಗೆ ಬಡಿಯುತ್ತಿತ್ತು. ನಾನು ನೀರಿನೊಳಗೆ ಕೈಹಾಕಿ ತಿರುಪನ್ನು ಮುಚ್ಚಿದೆ.

"ಕೊಳವೆ ಎಲ್ಲೇ?" ಎಂದರು ಅಪ್ಪ.

"ನಾನು ತೆಗೆದಿಟ್ಟಿದೀನಿ. ಈ ಕತ್ತಲಲ್ಲಿ ನೀನೇನು ಮಾಡ್ತಿದ್ದೆ?"

"ನಿಮ್ಮ ನಿದ್ದೆ ಕೆಡಿಸೋದು ಬೇಡ ಅಂತ ದೀಪ ಹಾಕಲಿಲ್ಲ. ದಿನಾ ಕೈಯಂದಾಜಲ್ಲೇ ತಿರುಗಿಸ್ತೀನಿ."

"ದಿನಾ?"

ಅವರು ಒದ್ದೆ ಮುಖವನ್ನು ಒದ್ದೆ ತೋಳಿನಿಂದ ಒರೆಸಿಕೊಂಡರು. "ಬಾಯ್ಲರಿಗೆ ನೀರು ಕುಡಿಸ್ತೀನಿ ಕಣೇ. ಐದಕ್ಕೆ. ನೀವು ಏಳೋದ್ರೊಳಗೆ ಮನೆ ಬೆಚ್ಚಗಾಗಬೇಕಲ್ಲ."

ನನ್ನ ಪುಸ್ತಕದ ಹತ್ತೊಂಬತ್ತು ಬೆಳಗುಗಳ ಒಂದೂವರೆ ಅಪ್ಪನ ಕೈಯದಾಗಿತ್ತು. ಮುಳ್ಳನ್ನು ಮೂರು ಹೊತ್ತು ನೋಡಿದ್ದೆ. ಅದೇ ಮನೆಯಲ್ಲಿ ಮಲಗಿದ್ದ ಮನುಷ್ಯನನ್ನು ಒಂದು ಮಾತೂ ಕೇಳಿರಲಿಲ್ಲ.

ಲೌರಿ ಮೆಟ್ಟಿಲ ಮೇಲೆ ನಿಂತು ನೆಲದ ನೀರನ್ನು ನೋಡುತ್ತಿದ್ದಳು. ಕೂಗಾಡಲಿಲ್ಲ. ಇಳಿದು ಬಂದು ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಒರೆಸಿದಳು. "ಎರಡು ಗಂಟೆಗೆ ಅವರು ಬರ್ತಾರೆ," ಎಂದಳು. "ಒಬ್ಬರು ನೀರು ಕುಡಿಸ್ತೀರಿ, ಒಬ್ಬರು ಕೊಳವೆ ಕಳಚ್ತೀರಿ. ನನ್ನ ಮಗು ಆಸ್ಪತ್ರೇಲೇ ಶಾಲೆಗೆ ಸೇರ್ಕೊಳ್ಳಲಿ." ಮಗು ಮಲಗಬೇಕಾಗಿದ್ದ ಹಿಂದಿನ ಕೋಣೆಯಲ್ಲಿ ಉಷ್ಣತೆ ಹನ್ನೊಂದು ಡಿಗ್ರಿ ಇತ್ತು.

ನೀರು ತಾಗಿದ್ದಕ್ಕೆ ಅಡುಗೆಮನೆಯ ವಿದ್ಯುತ್ತು ತಾನಾಗಿ ಕಡಿದುಕೊಂಡಿತ್ತು. ಬಾಯ್ಲರಿನ ಸ್ವಿಚ್ಚು ಆರಿಸಿ, ನೆಲ ಒರೆಸಿ, ಮೇಲಿನ ಕೋಣೆಯಿಂದ ತಂತಿ ಎಳೆದು ಲೌರಿ ತನ್ನ ಕೂದಲು ಒಣಗಿಸುವ ಯಂತ್ರದಿಂದ ಕಪಾಟನ್ನು ಒಣಗಿಸತೊಡಗಿದಳು. ಅಪ್ಪ ಬಟ್ಟೆ ಬದಲಿಸಿ ಬಂದರು. ನಾನು ಮೊದಲ ಸಲ ಸರಿಯಾದ ಪ್ರಶ್ನೆಗಳನ್ನು ಸರಿಯಾದವರಿಗೆ ಕೇಳಿದೆ.

ಎಷ್ಟು ವರ್ಷದಿಂದ? ಅಮ್ಮ ತೀರಿಕೊಂಡಾಗಿನಿಂದ, ನಾಲ್ಕು ವರ್ಷ. ಮೊದಲು ವಾರಕ್ಕೊಮ್ಮೆ, ಈ ಚಳಿಗಾಲದಲ್ಲಿ ದಿನವೂ. ರಿಪೇರಿಯವನು ಬಂದ ದಿನ? ಅವನು ಬರುವ ಅರ್ಧ ಗಂಟೆ ಮೊದಲು ಇನ್ನೊಮ್ಮೆ ಕುಡಿಸಿದ್ದರಂತೆ. ಹೊರಗಿನವರು ಬರುವಾಗ ಮನೆ ಚೊಕ್ಕಟವಾಗಿರಬೇಡವೇ ಎಂದು ನನ್ನನ್ನೇ ಕೇಳಿದರು. ನೀರು ಎಲ್ಲಿ ಹೋಗುತ್ತದೆಂದು ಯೋಚಿಸಲಿಲ್ಲವೇ?

"ಹೋಗೋದೆಲ್ಲಿ? ಬಕೆಟ್ಟಿಗೆ."

ಹಿಂಬಾಗಿಲ ಹೊರಗೆ, ಗೋಡೆಯಿಂದ ಚಾಚಿದ ತಾಮ್ರದ ಕೊಳವೆಯ ಕೆಳಗೆ, ತಗಡಿನ ಬಕೆಟ್ಟು ಇತ್ತು. ಅದು ನನಗಿಂತ ಹಳೆಯದು. ಅದನ್ನು ಎಷ್ಟೋ ಸಾವಿರ ಸಲ ನೋಡಿದ್ದೆ. ನಮ್ಮ ಊರಲ್ಲಿ ಹೊರಗಿಟ್ಟ ಯಾವ ಪಾತ್ರೆಯಲ್ಲಿ ನೀರಿದ್ದರೂ ಅದು ಮಳೆಯದೇ. ಆದರೆ ಆರು ದಿನದಿಂದ ಮಳೆಯಿರಲಿಲ್ಲ, ಬರೀ ಒಣ ಹಿಮಗಾಳಿ. ಓಣಿಯ ಗೋಡೆಗಳೆಲ್ಲ ಬೂದಿಬಣ್ಣಕ್ಕೆ ಒಣಗಿದ್ದವು. ಬಕೆಟ್ಟಿನಲ್ಲಿ ಮೂರು ಲೀಟರಿನಷ್ಟು ಮಂಜುಗಡ್ಡೆ.

ಅಪ್ಪ ಚಿಕ್ಕವರಿದ್ದಾಗ ಅಜ್ಜ ಗಣಿಯಲ್ಲಿದ್ದರು. ಮನೆಗೆ ಗಣಿಯ ಕಲ್ಲಿದ್ದಲು ಬರುತ್ತಿತ್ತು. ಒಲೆಯ ಹಿಂದೆ ನೀರಿನ ಹಂಡೆ, ಅಟ್ಟದಲ್ಲಿ ತೊಟ್ಟಿ. ಮನೆಯಲ್ಲಿ ಮೊದಲು ಏಳುವ ಗಂಡಸು ಬೆಂಕಿ ಕೆದಕಿ ಹಂಡೆಯನ್ನು ನೋಡಿಕೊಳ್ಳಬೇಕು. ಹೊರಗಿನ ಕೊಳವೆ ತೊಟ್ಟಿಕ್ಕಿದರೆ ಬೆಂಕಿ ಚೆನ್ನಾಗಿದೆ ಎಂದರ್ಥ. ಗಣಿ ಮುಚ್ಚಿತು, ಒಲೆ ಕಿತ್ತು ಅನಿಲದ ಬಾಯ್ಲರ್ ಬಂತು, ಅಪ್ಪ ಅದೇ ಬಕೆಟ್ಟನ್ನು ಹೊಸ ಕೊಳವೆಯ ಕೆಳಗೆ ಸರಿಸಿದರು. ತೊಟ್ಟಿಕ್ಕುವುದನ್ನು ಕಂಡಾಗಲೆಲ್ಲ ಅವರಿಗೆ ಸಮಾಧಾನವಾಗುತ್ತಿತ್ತು. ಓಣಿಯಲ್ಲಿ ಯಾರೂ ಜಾರಬಾರದೆಂದು ದಿನವೂ ಖಾಲಿ ಮಾಡುತ್ತಿದ್ದರು.

ಈಗ ಲೆಕ್ಕ ಸರಳವಾಯಿತು. ನೀರು ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಜಾಗ ಕೊಡಲೆಂದು ಬಾಯ್ಲರಿನ ಪಕ್ಕದಲ್ಲಿ ಫುಟ್‌ಬಾಲಿಗಿಂತ ತುಸು ದೊಡ್ಡದಾದ ಕೆಂಪು ಡಬ್ಬವಿದೆ. ಒಳಗೆ ಒಂದು ರಬ್ಬರು ಪರದೆ, ಅದರ ಆಚೆ ಗಾಳಿ. ಗಾಳಿ ಹೋಗಿಬಿಟ್ಟರೆ ಹಿಗ್ಗಿದ ನೀರು ಒತ್ತಡ ತಡೆಯದೆ ತಾಮ್ರದ ಕೊಳವೆಯಿಂದ ಹೊರಬೀಳುತ್ತದೆ, ತಣ್ಣಗಾದಾಗ ಅಷ್ಟೇ ಕೊರತೆಯಾಗುತ್ತದೆ. ಡಬ್ಬದ ಕೆಳಗೆ ಸೈಕಲ್ ಟ್ಯೂಬಿನಂಥದೇ ಮೂತಿ. ಅದರ ಕಡ್ಡಿಯನ್ನು ಒತ್ತಿದಾಗ ನೀರು ಬಂದರೆ ಪರದೆ ಹರಿದಿದೆ, ಹೊಸ ಡಬ್ಬವೇ ಬೇಕು, ಅಂದರೆ ಮಂಗಳವಾರದವರೆಗೆ ಏನೂ ಮಾಡುವಂತಿಲ್ಲ. ಇಬ್ಬರೂ ನನ್ನ ಹಿಂದೆ ನಿಂತಿದ್ದರು. ಉಗುರಿನಿಂದ ಒತ್ತಿದೆ. ನೀರು ಬರಲಿಲ್ಲ. ಗಾಳಿಯೂ ಬರಲಿಲ್ಲ.

"ಸತ್ತಿದೆಯಾ?" ಎಂದಳು ಲೌರಿ.

"ಇಲ್ಲ. ಹಸಿದಿದೆ ಅಷ್ಟೆ. ಆದ್ರೆ ನೀರಿಗಲ್ಲ, ಗಾಳಿಗೆ."

ಬಿಸಿನೀರು ಹರಿದು ಕೋಣೆಯನ್ನು ಕಾಯಿಸುವ ರೇಡಿಯೇಟರಿನ ಕೆಳಗಿನ ತಿರುಪಿನಿಂದ ಪಾತ್ರೆಗೆ ನೀರು ಇಳಿಸಿ ಮುಳ್ಳನ್ನು ಸೊನ್ನೆಗೆ ತಂದೆ. ಅಪ್ಪ ಷೆಡ್ಡಿನಿಂದ ಭಾವನ ಸೈಕಲ್ ಪಂಪು ತಂದು, ಕಪಾಟಿನ ಮುಂದೆ ಮಂಡಿಯೂರಿ, ಬಸ್ಸಿನ ಚಕ್ರಕ್ಕೆ ಹೊಡೆಯುವ ಗಾಂಭೀರ್ಯದಿಂದ ಗಾಳಿ ಹೊಡೆದರು. ಪಂಪಿನ ಮಾಪಕ ಒಂದಕ್ಕೆ ಬಂದಾಗ ನಿಲ್ಲಿಸಿದೆ. ಕೊಳವೆ ಜೋಡಿಸಿ ಒಂದು ಪಾಯಿಂಟ್ ಎರಡರವರೆಗೆ ನೀರು ತುಂಬಿಸಿ ಮುಚ್ಚಿದೆ. ಒಂಬತ್ತೂವರೆಗೆ, ಎಲ್ಲ ಒಣಗಿದೆಯೆಂದು ಮೂರು ಸಲ ಮುಟ್ಟಿ ನೋಡಿದ ಮೇಲೆ, ಅಡುಗೆಮನೆಯ ವಿದ್ಯುತ್ತನ್ನು ಮರಳಿಸಿ ಸ್ವಿಚ್ಚು ಹಾಕಿದೆ. ಬಾಯ್ಲರ್ ಹೊತ್ತಿಕೊಂಡಿತು. ಹತ್ತೂವರೆಗೆ ರೇಡಿಯೇಟರುಗಳು ಮುಟ್ಟಲಾರದಷ್ಟು ಬಿಸಿಯಾದಾಗಲೂ ಮುಳ್ಳು ಒಂದು ಪಾಯಿಂಟ್ ಎಂಟು ದಾಟಲಿಲ್ಲ. ಅಪ್ಪ ಹತ್ತು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಕೊಳವೆ ನೋಡಿಬಂದರು. ತೊಟ್ಟಿಕ್ಕದಿರುವುದು ಅವರಿಗೆ ಸಮಾಧಾನ ತರಲಿಲ್ಲ.

ಎರಡಕ್ಕೆ ನರ್ಸ್ ಮೆರೆಡಿತ್ ಬಂದರು, ಕೋಟು ಬಿಚ್ಚಿದರು. ಹಿಂದಿನ ಕೋಣೆ ಹತ್ತೊಂಬತ್ತು ಡಿಗ್ರಿ ಇತ್ತು. ಲೌರಿ ನನ್ನ ಪುಸ್ತಕವನ್ನು ಪಾತ್ರೆ ಒರೆಸುವ ಬಟ್ಟೆಯ ಕೆಳಗೆ ಸೇರಿಸಿದ್ದಳು. ಚೆನ್ನಾಗಿದೆಯಲ್ಲ, ಎಷ್ಟು ದಿನದಿಂದ ಹೀಗಿದೆ ಎಂದು ನರ್ಸ್ ಕೇಳಿದಾಗ ಅವಳು ನನ್ನನ್ನು ನೋಡಿದಳು. ಆ ನೋಟ ಸುಳ್ಳು ಹೇಳೆಂದು ಬೇಡುತ್ತಿದೆಯೆಂದು ನನಗೆ ಗೊತ್ತಿತ್ತು. ಮನೆ ಮತ್ತೆ ತಣ್ಣಗಾದರೆ ಚಳಿ ತಾಗುವುದು ಎರಡು ಕಿಲೋ ಕೂಡ ಇಲ್ಲದ ಮೈಗೆ ಎಂಬುದೂ ಗೊತ್ತಿತ್ತು.

"ಇವತ್ತು ಒಂಬತ್ತೂವರೆಯಿಂದ," ಎಂದು ಹೇಳಿ ಪುಸ್ತಕವನ್ನು ಬಟ್ಟೆಯಡಿಯಿಂದ ತೆಗೆದುಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಹತ್ತೊಂಬತ್ತು ದಿನಗಳನ್ನೂ ಓದಿದರು. ಲೌರಿ ಕಿಟಕಿಯ ಕಡೆ ತಿರುಗಿದ್ದಳು. "ಬೆಳಗಿನ ಲೆಕ್ಕ ಎಲ್ಲ ಸುಳ್ಳು," ಎಂದರು ಅಪ್ಪ, ಬಾಗಿಲ ಬಳಿಯಿಂದ. "ಅದು ನನ್ನ ಕೆಲಸ." ತಾವು ಮಾಡಿದ್ದನ್ನು ಬಕೆಟ್ಟಿನ ಸಮೇತ ಒಪ್ಪಿಸಿದರು.

ನರ್ಸ್ ಪುಸ್ತಕ ಮುಚ್ಚಿದರು. "ನಾಳೆ ಹನ್ನೆರಡಕ್ಕೆ ನಾನೇ ಫೋನ್ ಮಾಡ್ತೀನಿ. ಬಾಯ್ಲರ್ ರಾತ್ರಿಯೆಲ್ಲ ಉರೀಲಿ. ಅಲ್ಲೀವರೆಗೆ ಯಾರೂ ಅದಕ್ಕೆ ಕೈ ಹಾಕಬಾರದು. ಎಮ್ಲಿನ್ ಅವರೇ, ವಿಶೇಷವಾಗಿ ನೀವು," ಎಂದು ಅಪ್ಪನ ಕಡೆ ತಿರುಗಿದರು.

ಆ ಸಂಜೆ ಮನೆ ಬೆಚ್ಚಗಿತ್ತು. ಯಾರಿಗೂ ಒಂದು ಕಡೆ ಕೂರಲಾಗಲಿಲ್ಲ. ಲೌರಿ ನನ್ನೊಡನೆ ಮಾತಾಡಲಿಲ್ಲ. ತೊಟ್ಟಿಲ ಬಟ್ಟೆಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಅಪ್ಪ ಕಪಾಟಿನ ಮುಂದೆ ಹಾದುಹೋಗುವಾಗಲೆಲ್ಲ ಕೈಗಳನ್ನು ಜೇಬಿನೊಳಗಿಟ್ಟುಕೊಳ್ಳುತ್ತಿದ್ದರು. ನಾನು ಪುಸ್ತಕವನ್ನು ಕಪಾಟಿನ ಬಾಗಿಲಿಗೆ ದಾರದಲ್ಲಿ ನೇತುಹಾಕಿ, ಪಕ್ಕದಲ್ಲಿ ಪೆನ್ಸಿಲು ಕಟ್ಟಿದೆ.

ಶುಕ್ರವಾರ ಬೆಳಗ್ಗೆ ಆರಕ್ಕೆ ಇಳಿದುಬಂದಾಗ ಅಪ್ಪ ಮೇಜಿನ ಬಳಿ ಕೂತಿದ್ದರು. ಎದುರಿಗಿದ್ದ ಚಹಾ ತಣ್ಣಗಾಗಿ ಬಹಳ ಹೊತ್ತಾಗಿತ್ತು. ಬಕೆಟ್ಟು ಅಡುಗೆಮನೆಯೊಳಗೆ ಬಂದಿತ್ತು, ಬೋರಲಾಗಿ. ಮುಳ್ಳು ನೋಡಿ ಬರೆಯಲು ಹೋದೆ. ನಾನು ಬರೆಯಬೇಕಾದ ಸಾಲಿಗಿಂತ ಮೇಲೆ ಒಂದು ಹೊಸ ಸಾಲಿತ್ತು, ಒತ್ತಿ ಬರೆದ ದೊಡ್ಡ ಅಕ್ಷರಗಳಲ್ಲಿ.

ಹನ್ನೆರಡಕ್ಕೆ ಫೋನು ಬಂತು. ಎಲ್ಲ ಸಾಲುಗಳನ್ನು ಓದಿ ಹೇಳಿರೆಂದರು ನರ್ಸ್ ಮೆರೆಡಿತ್. ಕೋಟು ತೊಟ್ಟು, ಮಗುವಿನ ಕಂಬಳಿ ಹಿಡಿದು ಲೌರಿ ಬಾಗಿಲಲ್ಲಿ ನಿಂತಿದ್ದಳು. ನಾನು ಗುರುವಾರದ ಒಂಬತ್ತೂವರೆಯಿಂದ ಓದಿದೆ. ಒಮ್ಮೆ ಬೆಚ್ಚಗಾದ ಮೇಲೆ ಕೋಣೆ ಹದಿನೆಂಟಕ್ಕಿಂತ ಕೆಳಗೆ ಹೋಗಿರಲಿಲ್ಲ. ಮುಳ್ಳೂ ಆಮೇಲೆ ಒಂದೂವರೆ, ಒಂದು ಪಾಯಿಂಟ್ ಎಂಟು, ಅಷ್ಟರ ನಡುವೆಯೇ ಇತ್ತು. ಅಪ್ಪನ ಸಾಲಿಗೆ ಬಂದಾಗ ಅದನ್ನೂ ಇದ್ದ ಹಾಗೆಯೇ ಓದಿದೆ: ವೇಳೆ ಐದು, ಒತ್ತಡ ಒಂದೂವರೆ, ಉಷ್ಣತೆ ಹದಿನೆಂಟೂವರೆ. ಷರಾ: ಮುಟ್ಟಲಿಲ್ಲ.

ಆ ಷರಾವನ್ನು ನರ್ಸ್ ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಅವರು, ಮೂರು ಗಂಟೆಗೆ ಬಂದು ಮಗುವನ್ನು ಕರೆದುಕೊಂಡು ಹೋಗಿ, ಟೋಪಿ ಮರೆಯಬೇಡಿ ಎಂದರು.